ಕರೆಂಟ್ ಒಲೆಗೆ ಕೆಮ್ಮಣ್ಣು

ಮೂರು ಭಾಷಣಗಳಾದರೂ ಇನ್ನೂ ನಗುನಗುತ್ತಲೇ ಕೂತಿರುವ ನಮ್ಮ ಮಹಿಳಾ ಸಮಾಜದ ಅಧ್ಯಕ್ಷೆ ರಾಮಲಕ್ಷ್ಮಮ್ಮನವರೇ, ಇವತ್ತಿನ ಮುಖ್ಯ ಅತಿಥಿಗಳೂ ಈ ಚರ್ಚೆಯ ತೀರ್ಪುಗಾರರೂ ಆದ, ಹೆಣ್ಣುಮಕ್ಕಳ ಹೈಸ್ಕೂಲಿನ ಹೆಡ್‌ಮಾಸ್ಟರ್ ವೆಂಕಟರವಣಪ್ಪನವರೇ, ಗ್ಯಾಸ್ ಒಲೆಯ ಪರವಾಗಿ ನನಗಿಂತ ಮೊದಲು ಮಾತಾಡಿ ಸಭೆಯ ಚಪ್ಪಾಳೆಯನ್ನೆಲ್ಲ ಗುಡಿಸಿಕೊಂಡು ಹೋದ ಲಕ್ಷ್ಮಿದೇವಮ್ಮನವರೇ, ಶಿಡ್ಲಘಟ್ಟದ, ಮೇಲೂರಿನ, ಚಿಂತಾಮಣಿಯಿಂದಲೂ ಬಸ್ಸು ಹಿಡಿದು ಬಂದಿರುವ ಅಮ್ಮಂದಿರೇ, ಅಕ್ಕಂದಿರೇ, ಹೆಂಗಸರ ಸಭೆ ಅಂತ ನಾಚಿಕೊಂಡು ಹಿಂದಿನ ಬಾಗಿಲ ಹತ್ತಿರವೇ ನಿಂತಿರುವ ಯಜಮಾನರೇ, ಒಟ್ಟಾರೆ ಸಭಿಕರೇ,

ಮನೆಯ ಅಡುಗೆಗೆ ಗ್ಯಾಸ್ ಒಲೆ ಮೇಲೋ, ಕರೆಂಟ್ ಒಲೆ ಮೇಲೋ? ನಮ್ಮ ಸಮಾಜದ ವಾರ್ಷಿಕೋತ್ಸವಕ್ಕೆ ಈ ಸಲ ಇಟ್ಟಿರುವ ವಿಷಯ ಇದು. ನಾನು ಕರೆಂಟ್ ಒಲೆಯ ಪರವಾಗಿ ಮಾತಾಡಬೇಕು. ಯಾಕೆ ನಾನೇ? ಕಾರ್ಯದರ್ಶಿಗಳು ನಮ್ಮ ಮನೆಗೆ ಬಂದು ಹೇಳಿದ್ದು ಇಷ್ಟೇ: "ಆದಿಲಕ್ಷ್ಮೀ, ನಿಮ್ಮೆಜಮಾನ್ರು ಕರೆಂಟ್ ಆಫೀಸಿನಲ್ಲಿ ಸೂಪರ್‌ವೈಸರು, ನೀನು ಬಿ.ಎಸ್ಸಿ. ಓದಿದೀಯ. ಕರೆಂಟ್ ಕಡೆಗೆ ನೀನಲ್ದೆ ಇನ್ಯಾರಮ್ಮ ಮಾತಾಡ್ತಾರೆ?" ನನ್ನ ಅಭಿಪ್ರಾಯ ಏನು ಅಂತ ಅವರು ಕೇಳಲಿಲ್ಲ. ಕೇಳಿದ್ದರೂ ಹೇಳುವಷ್ಟು ಎಚ್ಚರ ನನಗೆ ಆಗ ಇರಲಿಲ್ಲ. ನನ್ನ ಮಗುವಿಗೆ ಈಗ ಎಂಟು ತಿಂಗಳು. ಹಗಲು ನಿದ್ದೆ, ರಾತ್ರಿ ಸಂಗೀತ. ನಾನು ಮಾತಿನ ಮಧ್ಯೆ ಸುಮ್ಮನಾದರೆ ಯೋಚನೆ ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ, ತೂಕಡಿಸುತ್ತಿದ್ದೇನೆ ಅಂತ ತಿಳಿದು ಯಾರಾದರೂ ಕೆಮ್ಮಿ.

ಮುಖ್ಯ ಅತಿಥಿಗಳಿಗೆ ನಾನು ಒಂದು ಉತ್ತರ ಬಾಕಿ ಉಳಿಸಿಕೊಂಡಿದ್ದೇನೆ. ಅದನ್ನು ಸಭೆ ಮುಗಿದ ಮೇಲೆ ಹೇಳುತ್ತೇನೆ. ಅದಕ್ಕೂ ಇವತ್ತಿನ ವಿಷಯಕ್ಕೂ ಸಂಬಂಧ ಇಲ್ಲ. ಇಲ್ಲ ಅಂದೆನೇ? ಸ್ವಲ್ಪ ಇದೆ. ಇರಲಿ, ಊರಿಗೆಲ್ಲ ಗೊತ್ತಿರುವ ಮಾತನ್ನು ಮುಚ್ಚಿಡುವುದೇಕೆ? ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ವಿಜ್ಞಾನ ಹೇಳಲು ಟೀಚರ್ ಇಲ್ಲ. ಸೋಮವಾರ ಶಾಲೆ ತೆರೆಯುತ್ತದೆ. ನೀವು ಬನ್ನಿ ಅಂತ ಅವರು ಎರಡು ಸಲ ಮನೆ ತನಕ ಬಂದು ಕರೆದರು. ಇವತ್ತು ಕೊನೆಯ ಮಾತು ಹೇಳದಿದ್ದರೆ ಕೋಲಾರದಿಂದ ಬೇರೆಯವರನ್ನು ಕರೆಸುತ್ತಾರೆ. ನನಗೆ ಹೋಗುವ ಆಸೆ ಇದೆಯೇ? ಇದೆ. ತುಂಬಾ ಇದೆ. ಆದರೆ ಬೆಳಗಿನ ಅಡುಗೆ ಮುಗಿಸಿ, ಮಗುವಿಗೆ ನೀರು ಹಾಕಿ, ಶಾಲೆಯ ಗಂಟೆಗೆ ಸರಿಯಾಗಿ ಹೋಗುವುದು ಹೇಗೆ? ನಮ್ಮ ಯಜಮಾನರನ್ನು ಕೇಳಿದರೆ, "ಅಮ್ಮ ಒಪ್ಪಿದ್ರೆ ನಂದೇನಿಲ್ಲ" ಅಂದರು. ನಮ್ಮ ಅತ್ತೆಯವರು ಒಪ್ಪಿದರೋ ಇಲ್ಲವೋ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಅಗೋ, ಮೂರನೇ ಸಾಲಿನಲ್ಲಿ ಮೊಮ್ಮಗನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾರಲ್ಲ, ಅವರೇ ನಮ್ಮ ಅತ್ತೆ ಕದಿರಮ್ಮನವರು. ಅತ್ತೆಮ್ಮಾ, ಪಾಪು ಬಾಯಲ್ಲಿ ಏನೋ ಇದೆ ನೋಡಿ. ಸಮಾಜದ ಆಹ್ವಾನ ಪತ್ರಿಕೆಯೇ? ಈಚೆ ತೆಗೀರಿ. ಕ್ಷಮಿಸಬೇಕು ಸಭಿಕರೇ.

ಈಗ ವಿಷಯಕ್ಕೆ ಬರೋಣ. ಲಕ್ಷ್ಮಿದೇವಮ್ಮನವರು ಏನು ಹೇಳಿದರು? ಗ್ಯಾಸ್ ಒಲೆಯಲ್ಲಿ ಹೊಗೆ ಇಲ್ಲ ಅಂದರು. ಒಪ್ಪುತ್ತೇನೆ. ಕರೆಂಟ್ ಒಲೆಯಲ್ಲೂ ಹೊಗೆ ಇಲ್ಲ. ಗ್ಯಾಸಿನಲ್ಲಿ ಉರಿಯನ್ನು ಬೇಕಾದಷ್ಟು ಏರಿಸಬಹುದು, ಇಳಿಸಬಹುದು ಅಂದರು. ಒಪ್ಪುತ್ತೇನೆ. ಬದನೆಕಾಯಿ ಸುಡಬಹುದು, ಹಪ್ಪಳ ಸುಡಬಹುದು, ಕರೆಂಟ್ ಒಲೆಯಲ್ಲಿ ಸುಟ್ಟರೆ ಕಾಯುವ ಸ್ಪ್ರಿಂಗೂ ಬದನೆಕಾಯೂ ಒಟ್ಟಿಗೆ ಈಚೆ ಬರುತ್ತವೆ ಅಂದರು. ನೀವೆಲ್ಲ ನಕ್ಕಿರಿ. ನಾನೂ ನಕ್ಕೆ, ಯಾಕೆಂದರೆ ಅದು ನಮ್ಮ ಮನೆಯಲ್ಲೇ ಆಗಿದ್ದು, ಅವರಿಗೆ ಹೇಳಿದವಳೂ ನಾನೇ. ಆಮೇಲೆ ಅವರು ಏನಂದರು? "ಕರೆಂಟ್ ಒಲೆ ಅನ್ನೋದು ದೊಡ್ಡಮನೆ ಅಳಿಯ ಇದ್ದಂಗೆ. ಮನಸ್ಸು ಬಂದ್ರೆ ಕಾಯ್ತಾನೆ, ಬರದಿದ್ರೆ ಕಪ್ಪಗೆ ಮುಖ ಮಾಡ್ಕೊಂಡು ಕೂತಿರ್ತಾನೆ" ಅಂದರು. ಲಕ್ಷ್ಮಿದೇವಮ್ಮನವರೇ, ನಿಮ್ಮ ಅಳಿಯಂದಿರು ಬಾಗಿಲ ಹತ್ತಿರವೇ ನಿಂತಿದ್ದಾರೆ. ಮನೆಗೆ ಹೋದ ಮೇಲೆ ನಿಮ್ಮನಿಮ್ಮಲ್ಲೇ ಇತ್ಯರ್ಥ ಮಾಡಿಕೊಳ್ಳಿ.

ಆದರೆ ಅಳಿಯ ಮುಖ ಕಪ್ಪಗೆ ಮಾಡಿಕೊಳ್ಳುವುದಕ್ಕೆ ಕಾರಣ ಇರುತ್ತದಲ್ಲವೇ? ಬೆಳಗಾಗುತ್ತಲೂ ಸುತ್ತಮುತ್ತಲ ತೋಟಗಳಲ್ಲಿ ಪಂಪ್‌ಸೆಟ್ಟುಗಳು ಶುರುವಾಗುತ್ತವೆ. ಹಿಪ್ಪುನೇರಳೆಗೆ ನೀರು ಬಿಡದೆ ಆಗುತ್ತದೆಯೇ? ಸೊಪ್ಪಿಲ್ಲದಿದ್ದರೆ ರೇಷ್ಮೆ ಹುಳ ಎಲ್ಲಿ, ಹುಳ ಇಲ್ಲದಿದ್ದರೆ ಈ ಊರೆಲ್ಲಿ? ಆಗ ಕರೆಂಟಿನ ಒತ್ತಡ ಇಳಿಯುತ್ತದೆ. ಕೆಂಪಗಿದ್ದ ಸ್ಪ್ರಿಂಗು ಮೊದಲು ಕುಂಕುಮದ ಬಣ್ಣಕ್ಕೆ, ಆಮೇಲೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿ, ಕೊನೆಗೆ ಇದ್ದೂ ಇಲ್ಲದಂತಾಗುತ್ತದೆ. ಅನ್ನ ಬೇಯುವುದಿಲ್ಲ, ಸುಮ್ಮನೆ ಸ್ನಾನ ಮಾಡುತ್ತದೆ. ಇದು ಕರೆಂಟ್ ಒಲೆಯ ತಪ್ಪೇ? ನಮ್ಮ ಯಜಮಾನರನ್ನು ಕೇಳಿದರೆ, "ಲೋಡು ಕಣೇ, ಲೋಡು" ಅನ್ನುತ್ತಾರೆ. ಹಸಿದು ಕೂತವರಿಗೆ ಲೋಡು ಬಡಿಸೋಕಾಗುತ್ತದೆಯೇ? ನಾನು ಕರೆಂಟಿನ ಪರ ಮಾತಾಡಬೇಕು ಅನ್ನುವುದು ನೆನಪಿದೆ. ಮರೆತಿಲ್ಲ.

ಪರವಾಗಿಯೇ ಹೇಳುತ್ತೇನೆ, ಕೇಳಿ. ಗ್ಯಾಸು ಕಣ್ಣಿಗೆ ಕಾಣುವುದಿಲ್ಲ. ಸಿಲಿಂಡರಿನಲ್ಲಿ ಎಷ್ಟಿದೆ ಅಂತ ತಿಳಿಯುವುದಿಲ್ಲ. ಸಾರು ಒಂದು ಕುದಿ ಬರುವಾಗ ಮುಗಿದರೆ ಮುಗಿಯಿತು. ಬೆಂಗಳೂರಿನಿಂದ ಇನ್ನೊಂದು ಬರುವ ತನಕ ಆ ಸಾರು ಅದೇ ಕುದಿಗೆ ಕಾಯುತ್ತಿರಬೇಕು. ಸೋರಿದರೆ? ಎಲ್ಲಿ ಸೋರುತ್ತಿದೆ, ಎಷ್ಟು ಸೋರುತ್ತಿದೆ? ನಮ್ಮ ಮನೆಗೆ ಗ್ಯಾಸ್ ಬಂದಾಗಿನಿಂದ ಮಲಗುವ ಮೊದಲು ಸಿಲಿಂಡರನ್ನು ಮೂಸಿ ನೋಡುವುದು ನನ್ನ ಅಭ್ಯಾಸ. ಮೂಸಿ ಬಂದು ಮಲಗುತ್ತೇನೆ. ಸರಿಯಾಗಿ ಮೂಸಿದೆನೋ ಇಲ್ಲವೋ ಅಂತ ಮತ್ತೆ ಹೋಗುತ್ತೇನೆ. "ಅದನ್ನ ತಂದು ಮಂಚದ ಮೇಲೇ ಮಲಗಿಸಿಕೋ, ಓಡಾಡೋದಾದ್ರೂ ತಪ್ಪುತ್ತೆ" ಅಂತ ನಮ್ಮ ಯಜಮಾನರು ಹೇಳಿದ್ದಾರೆ. ಹಾಗಂತ ಕರೆಂಟ್ ಒಲೆ ಇದ್ದಾಗ ನಿದ್ದೆ ಮಾಡುತ್ತಿದ್ದೆನೇ? ಆಗ ಪ್ಲಗ್ಗನ್ನು ಕಿತ್ತು, ವೈರನ್ನು ಸುತ್ತಿ, ಮೊಳೆಗೆ ನೇತು ಹಾಕಿ ಬಂದು ಮಲಗುತ್ತಿದ್ದೆ. ಮಗು ತೆವಳಿಕೊಂಡು ಹೋಗಿ ಮುಟ್ಟಿಬಿಟ್ಟರೆ? ಆಗಿನ್ನೂ ಅವನಿಗೆ ಮಗ್ಗಲು ಬದಲಾಯಿಸಲೂ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಇನ್ನು ಮುದ್ದೆಯ ವಿಷಯ. ಈ ಹಾಲಿನಲ್ಲಿ ಮುದ್ದೆ ತಿನ್ನದವರು ಯಾರಿದ್ದಾರೆ? ಲಕ್ಷ್ಮಿದೇವಮ್ಮನವರು ಗ್ಯಾಸಿನಲ್ಲಿ ಏನೇನು ಮಾಡಬಹುದು ಅಂತ ಕೇಸರಿಬಾತಿನ ತನಕ ಹೇಳಿದರು, ಮುದ್ದೆಯ ಹೆಸರು ಎತ್ತಲಿಲ್ಲ. ಯಾಕೆ ಎತ್ತಲಿಲ್ಲ? ನೆಲದ ಮೇಲಿನ ಮಣ್ಣಿನ ಒಲೆಯ ಮುಂದೆ ಕೂತು, ಕವೆಗೋಲಿನಿಂದ ಪಾತ್ರೆಯನ್ನು ಅದುಮಿ ಹಿಡಿದು, ಮೈಭಾರ ಬಿಟ್ಟು ಕೋಲಿನಲ್ಲಿ ತಿರುವಿದರೆ ಮುದ್ದೆ ಗಂಟಿಲ್ಲದೆ ಬರುತ್ತದೆ. ಗ್ಯಾಸ್ ಒಲೆಯನ್ನು ಕಟ್ಟೆಯ ಮೇಲೆ ಇಡಬೇಕು. ಅದು ಹಗುರ. ನಿಂತುಕೊಂಡು ತಿರುವಿದರೆ ಕೋಲು ಒಂದು ಸುತ್ತು, ಪಾತ್ರೆ ಒಂದು ಸುತ್ತು, ಒಲೆ ಒಂದು ಸುತ್ತು. ಮೊದಲ ಸಲ ತಿರುವಿದ ನಮ್ಮ ಅತ್ತೆಯವರು, "ಏಂದೇ ಇದಿ, ಒಲೆನಾ ಗಾಣಾನಾ?" ಅಂತ ಅರ್ಧ ತೆಲುಗಿನಲ್ಲೇ ಕೇಳಿದರು. ಕೊನೆಗೆ ಅವರೇ ಉಪಾಯ ಕಂಡುಹಿಡಿದರು. ಹಿಟ್ಟು ಬೇಯುವುದು ಮೇಲೆ, ತಿರುವುವುದು ಕೆಳಗೆ. ಪಾತ್ರೆ ಇಳಿಸಿ, ಸುತ್ತ ಹಳೇ ಬಟ್ಟೆ ಸುತ್ತಿ, ಎರಡು ಪಾದಗಳ ಮಧ್ಯೆ ಅದುಮಿ ಹಿಡಿದು ತಿರುವುತ್ತಾರೆ. ಒಲೆ ಯಾವುದಾದರೂ ಮುದ್ದೆಗೆ ಅವರ ಕಾಲೇ ಬೇಕು. ಇದರಲ್ಲಿ ಎರಡು ಕಡೆಗೂ ಸಮಸಮ ಅಂಕ ಕೊಡಬೇಕೆಂದು ತೀರ್ಪುಗಾರರಲ್ಲಿ ವಿನಂತಿ.

ಈಗ ಲಕ್ಷ್ಮಿದೇವಮ್ಮನವರು ನನ್ನ ಮೇಲೆ ಹಾಕಿದ ದೊಡ್ಡ ಬಾಣಕ್ಕೆ ಬರುತ್ತೇನೆ. "ಕರೆಂಟ್ ಒಲೆ ಬೀದಿಗೇ ಅಪಾಯ. ಯುಗಾದಿ ಆದ ಮೇಲೆ ಒಂದು ದಿನ ಬೆಳಿಗ್ಗೆ ಕೋಟೆ ಬೀದಿಗೆಲ್ಲ ಕರೆಂಟ್ ಹೋಗಿದ್ದು ಯಾರ ಮನೆ ಒಲೆಯಿಂದ ಅಂತ ಅವರೇ ಹೇಳಲಿ" ಅಂದರು. ಹೇಳುತ್ತೇನೆ. ನಮ್ಮ ಮನೆ ಒಲೆಯಿಂದಲೇ ಹೋಗಿದ್ದು. ಆದರೆ ತಪ್ಪು ಒಲೆಯದಲ್ಲ. ಅದು ನಿಮಗೆ ಅರ್ಥವಾಗಬೇಕಾದರೆ ನಮ್ಮ ಅತ್ತೆಯವರ ಮನೆತನದ ಒಂದು ಪದ್ಧತಿ ತಿಳಿದಿರಬೇಕು.

ಮೇಲೂರಿನ ಅವರ ತುಂಬಿದ ಮನೆಯಲ್ಲಿ ಮೂರು ಜನ ಸೊಸೆಯರು. ಹಿತ್ತಲಿನ ಕೊಟ್ಟಡಿಯಲ್ಲಿ ರೇಷ್ಮೆ ಹುಳ, ನಡುಮನೆಯಲ್ಲಿ ಮಕ್ಕಳು, ಒಂದೇ ಒಲೆ. ಸಂಜೆ ಊಟ ಮುಗಿದ ಮೇಲೆ ಬೂದಿ ತೆಗೆದು, ಒಲೆಗೆ ಕೆಮ್ಮಣ್ಣು ಸಾರಿಸಿ, ಎರಡೆಳೆ ರಂಗೋಲಿ ಬಿಡಬೇಕು. ಎಲ್ಲರ ಮನೆಯಲ್ಲೂ ಇದು ಇದ್ದದ್ದೇ. ಆದರೆ ಅವರ ಮನೆಯಲ್ಲಿ ಇನ್ನೊಂದು ಕಟ್ಟಳೆ. ಸಂಜೆ ಯಾರು ಒಲೆ ಸಾರಿಸುತ್ತಾರೋ ಮಾರನೇ ದಿನ ಬೆಳಗಿನ ಉರಿ ಅವರದು, ಅಡುಗೆ ಅವರದು. ಸಾರಿಸಿದವರು ಎದ್ದು ಬೆಂಕಿ ಹಾಕುವ ತನಕ ಬೇರೆ ಯಾರೂ ಒಲೆ ಮುಟ್ಟುವ ಹಾಗಿಲ್ಲ. ಇವತ್ತು ನಿಂದು, ನಾಳೆ ನಂದು ಅಂತ ಯಾರೂ ಬಾಯಲ್ಲಿ ಹೇಳುವುದಿಲ್ಲ. ಒಬ್ಬಳಿಗೆ ಮೈ ಸರಿ ಇಲ್ಲ, ಇನ್ನೊಬ್ಬಳಿಗೆ ದಿನ ತುಂಬಿದೆ ಅಂದರೆ, ಅವಳ ಸರದಿಯ ದಿನ ಬೇರೊಬ್ಬಳು ಸದ್ದಿಲ್ಲದೆ ಕೆಮ್ಮಣ್ಣಿನ ಬಟ್ಟಲು ಎತ್ತಿಕೊಂಡು ಸಾರಿಸಿಬಿಡುತ್ತಿದ್ದಳಂತೆ. "ಬಾಯಿಬಿಟ್ಟು ಹೇಳಿದ್ರೆ ಉಪಕಾರ ಮಾಡ್ದಂಗಾಗುತ್ತೆ ಕಣಮ್ಮ, ಆಮೇಲೆ ಅದಕ್ಕೊಂದು ಜಗಳ" ಅಂತ ನನ್ನ ಮದುವೆಯಾದ ಹೊಸದರಲ್ಲಿ ಅತ್ತೆ ಹೇಳಿದ್ದರು. ಹೇಳಿ, ಆ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ಅವತ್ತಿನಿಂದ ನಮ್ಮ ಮನೆಯ ಒಲೆ ಸಾರಿಸುವವಳು ನಾನು. ಬಾಣಂತನಕ್ಕೆ ಕೈವಾರದ ಹತ್ತಿರ ನಮ್ಮ ತಾಯಿಯ ಮನೆಗೆ ಹೋಗಿದ್ದು ಬಿಟ್ಟರೆ, ಅತ್ತೆಯವರು ಆ ಬಟ್ಟಲು ಮುಟ್ಟಿದ್ದೇ ಇಲ್ಲ.

ನಾನು ಮಗು ಎತ್ತಿಕೊಂಡು ವಾಪಸ್ಸು ಬರುವ ಹೊತ್ತಿಗೆ ನಮ್ಮ ಯಜಮಾನರು ಕರೆಂಟ್ ಒಲೆ ತಂದಿಟ್ಟಿದ್ದರು. ಬಿಳೀ ಪಿಂಗಾಣಿ ಬಿಲ್ಲೆ, ಅದರಲ್ಲಿ ಕೊರೆದ ಸಂದಿನಲ್ಲಿ ಸುರುಳಿ ಸುತ್ತಿದ ಸ್ಪ್ರಿಂಗು. ಅತ್ತೆ ಅದನ್ನು ಒಂದು ಸುತ್ತು ಬಂದು ನೋಡಿದರು. "ಚೆನ್ನಾಗದೆ. ಸಾರಿಸೋದೆಲ್ಲಿ?" ಅಂತ ಕೇಳಿದರು. ಮಗ ಜೋರಾಗಿ ನಕ್ಕರು. "ಇದಕ್ಕೆ ಸಾರಿಸೋದೂ ಇಲ್ಲ, ಬಳಿಯೋದೂ ಇಲ್ಲ ಅಮ್ಮ, ಸ್ವಿಚ್ ಹಾಕೋದು ಅಷ್ಟೆ" ಅಂದರು. ನಾನೂ ಕೆಮ್ಮಣ್ಣಿನ ಬಟ್ಟಲನ್ನು ತೊಳೆದು ಅಟ್ಟಕ್ಕೆ ಎಸೆದೆ. ಒಂದು ಕೆಲಸ ಕಡಿಮೆ ಆಯಿತು ಅಂತ ಎಷ್ಟು ಖುಷಿಪಟ್ಟೆ!

ಒಂದು ದಿನ ಸಂಜೆ ಮಗು ವಿಪರೀತ ಅಳುತ್ತಿತ್ತು. ನಾನು ಅವನನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗುತ್ತಿದ್ದೆ, ಅವತ್ತು ಪ್ಲಗ್ಗು ಕೀಳಲೂ ಒಳಗೆ ಹೋಗಲಿಲ್ಲ. ಬೆಳಿಗ್ಗೆ ಎದ್ದು, ಅರೆಗಣ್ಣಿನಲ್ಲಿ ಹೋಗಿ, ಒಲೆಯ ಮೇಲೆ ಪಾತ್ರೆ ಇಟ್ಟು, ಸ್ವಿಚ್ ಹಾಕಿದೆ. ಚಟಾರ್ ಅಂತು! ನೀಲಿ ಬೆಂಕಿ, ಸುಟ್ಟ ಮಣ್ಣಿನ ವಾಸನೆ, ಮನೆ ಕತ್ತಲು, ಬೀದಿ ಕತ್ತಲು, ಪಕ್ಕದ ಮನೆಯ ರೇಡಿಯೋದಲ್ಲಿ ಹಾಡು ಅರ್ಧಕ್ಕೇ ನಿಂತುಹೋಯಿತು. ಯಜಮಾನರು ಟಾರ್ಚ್ ಹಿಡಿದು ಬಂದು ನೋಡಿದರೆ ಏನಿದೆ? ಬಿಳೀ ಬಿಲ್ಲೆ ಇಲ್ಲ, ಸ್ಪ್ರಿಂಗು ಇಲ್ಲ. ನುಣ್ಣಗೆ, ಅಂಚಿನ ತನಕ, ಎರಡು ಕೈ ಕೆಮ್ಮಣ್ಣು ಸಾರಿಸಿದೆ. ಮೇಲೆ ಎರಡೆಳೆ ರಂಗೋಲಿ. ಮೇಲೊಣಗಿ ಒಳಗೆ ಇನ್ನೂ ಹಸಿ. ಸ್ಪ್ರಿಂಗು ಮಣ್ಣಿನೊಳಗೆ ಸಮಾಧಿಯಾಗಿದೆ! ಮನೆಯ ಫ್ಯೂಸು ಹೋದರೆ ಮನೆಗೆ ಮಾತ್ರ ಹೋಗಬೇಕು, ಬೀದಿಗೆಲ್ಲ ಯಾಕೆ ಹೋಯಿತು ಅಂತ ಕೇಳುತ್ತೀರಾ? ಸೂಪರ್‌ವೈಸರ ಮನೆಯ ಫ್ಯೂಸಿಗೆ ಎಷ್ಟು ದಪ್ಪ ತಂತಿ ಕಟ್ಟಿದ್ದರು ಅನ್ನುವುದನ್ನು ಅವರನ್ನೇ ಕೇಳಿ. ಬಾಗಿಲ ಹತ್ತಿರ ಇದ್ದರು. ಈಗ ಕಾಣುತ್ತಿಲ್ಲ.

ಅವತ್ತು ಅತ್ತೆಯವರಿಗೆ ಅವರ ಮಗ ನೀರು, ಕರೆಂಟು, ಶಾಕು ಅಂತ ದೊಡ್ಡ ಪಾಠ ಮಾಡಿದರು. ಅತ್ತೆ ಪೂರ್ತಿ ಕೇಳಿ, ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದರು. "ನೀನ್ಯಾಕೆ ಅಷ್ಟು ಬೇಗ ಎದ್ದು ಬಂದೆ?" ಕೇಳಿದಿರಾ? ಒಲೆ ಹಾಳು ಮಾಡಿದವರು ಅವರು, ಬೇಗ ಎದ್ದಿದ್ದು ನನ್ನ ತಪ್ಪು! ನನಗೆ ಅಳು ಬಂತು. ಹಿಂದಿನ ದಿನವೇ ಹೆಡ್‌ಮಾಸ್ಟರು ಮೊದಲ ಸಲ ನಮ್ಮ ಮನೆಗೆ ಬಂದು ಹೋಗಿದ್ದರು. ಅವರು ಟೀಚರ್ ಕೆಲಸದ ಮಾತೆತ್ತುತ್ತಲೂ ಅತ್ತೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಎದ್ದು ಒಳಗೆ ಹೋಗಿಬಿಟ್ಟಿದ್ದರು. ಆ ಸಿಟ್ಟನ್ನೇ ಒಲೆಗೆ ಮೆತ್ತಿದರು ಅಂತ ನಾನು ತಿಳಿದುಕೊಂಡೆ. ಸ್ವಿಚ್ ಹಾಕೋ ಸೊಸೆ ಬೇಡ, ಬಳಿಯೋ ಸೊಸೆ ಬೇಕು ಅಂತ ಹೇಳುತ್ತಿದ್ದಾರೆ ಅಂದುಕೊಂಡೆ.

ಇದು ಲಕ್ಷ್ಮಿದೇವಮ್ಮನವರಿಗೆ ಗೊತ್ತಿರುವ ಕಥೆ. ಈಗ ಗೊತ್ತಿಲ್ಲದ ಕಥೆ ಹೇಳಿ, ಗ್ಯಾಸ್ ಒಲೆ ಏನೂ ಕಡಿಮೆ ಇಲ್ಲ ಅಂತ ತೋರಿಸುತ್ತೇನೆ.

ಕರೆಂಟ್ ಒಲೆ ಮಣ್ಣಾದ ಸುದ್ದಿ ಕೇಳಿ ಬೆಂಗಳೂರಿನಲ್ಲಿರುವ ನನ್ನ ಅಣ್ಣ ಚಲಪತಿ ಗ್ಯಾಸ್ ಒಲೆ ಕೊಡಿಸಿದ. ರೇಷ್ಮೆ ಒಯ್ದ ವ್ಯಾನು ವಾಪಸ್ಸು ಬರುವಾಗ ಸಿಲಿಂಡರು ಅದರಲ್ಲಿ ರಾಜನ ಹಾಗೆ ಕೂತು ಬಂತು. ಅತ್ತೆ ಮೊದಲು ಕೇಳಿದ ಪ್ರಶ್ನೆ: "ಇದರಲ್ಲಿ ಕರೆಂಟ್ ಐತಾ?" ಯಜಮಾನರು, "ಕರೆಂಟ್ ಇಲ್ವೇ ಇಲ್ಲ ಅಮ್ಮ, ನೀರು ಬಿದ್ರೂ ಏನಾಗಲ್ಲ" ಅಂತ ಧೈರ್ಯ ಹೇಳಿದರು. ಎರಡನೇ ಪ್ರಶ್ನೆ: "ಇದರ ವಾಸ್ನೆ ಹುಳಕ್ಕೆ ಆಗಿಬರುತ್ತಾ?" ನಮ್ಮ ಮನೆಯಲ್ಲಿ ಈಗ ಹುಳ ಇಲ್ಲ. ಆದರೂ ಹುಳ ಮೇಯಿಸಿದವರು ಹೊಸ ವಸ್ತು ಬಂದರೆ ಮೊದಲು ಯೋಚಿಸುವುದು ಹುಳದ ಮೂಗನ್ನೇ. ಅವತ್ತೇ ಅತ್ತೆ ಇನ್ನೊಂದು ಮಾತು ಹೇಳಿದರು, ಈಗ ನೆನಪಾಗುತ್ತಿದೆ. ನಾನು ಮಧ್ಯಾಹ್ನ ಮಗುವನ್ನು ತೊಟ್ಟಿಲಿಗೆ ಹಾಕಿ ಗೋಡೆಗೆ ಒರಗಿದ್ದವಳು ಹಾಗೇ ನಿದ್ದೆ ಹೋಗಿದ್ದೆ. ಎದ್ದು, "ಎಬ್ಬಿಸಬಾರ್ದಾಗಿತ್ತಾ ಅತ್ತೆಮ್ಮ, ಬಟ್ಟೆ ನೆನೆಸಿಟ್ಟಿದ್ದೆ" ಅಂದೆ. "ಹುಳ ಜ್ವರಕ್ಕೆ ಕೂತಾಗ ನಾವು ತಟ್ಟೆ ಅಲ್ಲಾಡಿಸಲ್ಲ ಕಣಮ್ಮ. ನಿನ್ನ ಯಾಕೆ ಎಬ್ಬಿಸಲಿ?" ಅಂದರು. ಪೊರೆ ಕಳಚುವ ಮೊದಲು ಹುಳ ಮೇವು ಬಿಟ್ಟು ನಿದ್ದೆಗೆ ಕೂರುತ್ತದಲ್ಲ, ಅದಕ್ಕೆ ನಾವು ಜ್ವರ ಅನ್ನುತ್ತೇವೆ. ನನ್ನನ್ನು ಹುಳಕ್ಕೆ ಹೋಲಿಸಿದರಲ್ಲ ಅಂತ ನನಗೆ ಮುನಿಸು.

ಅವತ್ತೇ ಸಾಯಂಕಾಲ ಹೆಡ್‌ಮಾಸ್ಟರು ಎರಡನೇ ಸಲ ಬಂದರು. ಮಕ್ಕಳಿಗೆ ಪಾಠ ಇಲ್ಲದೆ ಎಷ್ಟು ಕಷ್ಟ ಅಂತ ಹೇಳಿದರು. ಅತ್ತೆ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿದರು. ಮತ್ತೆ ಒಳಗೆ ಹೋದರು. ಮಾರನೇ ದಿನ ಬೆಳಿಗ್ಗೆ ನಾನು ಎದ್ದು ಮತ್ತೆ ಅರೆಗಣ್ಣಿನಲ್ಲೇ ಕಡ್ಡಿ ಗೀರಿ ಗ್ಯಾಸ್ ತಿರುವಿದೆ. ಉರಿ ಇಲ್ಲ. ಎಲ್ಲೋ ಒಂದು ತೂತಿನಲ್ಲಿ ಮಿಣುಕುಹುಳದ ಹಾಗೆ ಮಿಣುಕ್ ಅಂದು ಆರಿತು. ಗ್ಯಾಸಿನ ವಾಸನೆ! ಒಲೆಯನ್ನೂ ಸಿಲಿಂಡರನ್ನೂ ಮುಚ್ಚಿ, ಕಿಟಕಿ ಬಾಗಿಲು ತೆಗೆದು, ಮಗುವನ್ನು ಎತ್ತಿಕೊಂಡು ಬೀದಿಗೆ ಓಡಿದೆ. "ಈಚೆ ಬನ್ನಿ, ಈಚೆ ಬನ್ನಿ" ಅಂತ ಕೂಗಿಕೊಂಡೆ. ಪಕ್ಕದ ಮನೆಯ ಆವುಲಪ್ಪನವರು ಮನೆಗೆ ಕಳ್ಳ ಬಂದ ಅಂತ ದೊಣ್ಣೆ ಹಿಡಿದು ಬಂದರು. ಆಮೇಲೆ ಹೋಗಿ ನೋಡಿದರೆ, ಎರಡೂ ಬರ್ನರುಗಳ ಮೇಲೆ ಕೆಮ್ಮಣ್ಣು. ಒಂದೊಂದು ತೂತಿಗೂ ತುಂಬುವ ಹಾಗೆ, ಅಷ್ಟು ನಾಜೂಕಾಗಿ. ಎರಡರ ಮೇಲೂ ಒಂದೊಂದು ಚುಕ್ಕಿ ರಂಗೋಲಿ. ಅತ್ತೆಯವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಅಕ್ಕಿ ಕೇರುವ ಮೊರ. ಏನಂದರು ಗೊತ್ತೇ? "ಇವತ್ತೂ ನೀನ್ಯಾಕೆ ಬೇಗ ಎದ್ದು ಬಂದೆ?"

ನೋಡಿ, ಇದನ್ನು ನಾನು ಯಾಕೆ ಹೇಳುತ್ತಿದ್ದೇನೆ ಅಂದರೆ, ಗ್ಯಾಸ್ ಒಲೆಯೂ ಕೆಮ್ಮಣ್ಣಿಗೆ ಸೋತಿತು, ಕರೆಂಟ್ ಒಲೆಯೂ ಸೋತಿತು, ಆದ್ದರಿಂದ ಲಕ್ಷ್ಮಿದೇವಮ್ಮನವರ ವಾದ ಬಿದ್ದುಹೋಯಿತು ಅಂತ...

ಒಂದು ನಿಮಿಷ ತಾಳಿ ಸಭಿಕರೇ.

ತೂಕಡಿಸುತ್ತಿಲ್ಲ. ಕೆಮ್ಮಬೇಡಿ.

ಹೆಡ್‌ಮಾಸ್ಟರು ಬಂದಿದ್ದು ಎರಡು ಸಲ. ಅತ್ತೆಯವರು ಸಾರಿಸಿದ್ದೂ ಎರಡು ಸಲ. ಅವರು ಬಂದ ದಿನವೇ, ಆ ಸಂಜೆಯೇ. ನನ್ನ ಮದುವೆಯಾದಾಗಿನಿಂದ, ಬಾಣಂತನದ ದಿನ ಬಿಟ್ಟರೆ, ಮುಟ್ಟದ ಬಟ್ಟಲನ್ನು ಅಟ್ಟದಿಂದ ಹುಡುಕಿ ಇಳಿಸಿ. ಸಾರಿಸಿದವರದಲ್ಲವೇ ಮಾರನೇ ದಿನದ ಅಡುಗೆ? ಈಗ ತಾನೇ ನಿಮಗೆ ನಾನೇ ಹೇಳಿದೆನಲ್ಲ, ಬಾಯಿಬಿಟ್ಟು ಹೇಳುವ ಪದ್ಧತಿ ಆ ಮನೆಯಲ್ಲಿ ಇಲ್ಲ ಅಂತ? ಮೈ ಸರಿ ಇಲ್ಲದವಳ ಸರದಿಯನ್ನು ಇನ್ನೊಬ್ಬಳು ಸದ್ದಿಲ್ಲದೆ ತೆಗೆದುಕೊಳ್ಳುತ್ತಿದ್ದಳು ಅಂತ? ಬೆಳಗಿನ ಅಡುಗೆ ನಂದು, ನೀನು ಮಲಗು, ಎದ್ದು ಸ್ಕೂಲಿಗೆ ಹೋಗು ಅಂತ ಅವರು ಅವತ್ತೇ ಹೇಳಿಬಿಟ್ಟಿದ್ದರು. ನನಗೆ ಕಾಣುವ ಜಾಗದಲ್ಲಿ, ರಂಗೋಲಿ ಬಿಟ್ಟು ಹೇಳಿದ್ದರು. ನಾವು ಫ್ಯೂಸು ನೋಡಿದೆವು, ತೂತು ನೋಡಿದೆವು. "ನೀನ್ಯಾಕೆ ಬೇಗ ಎದ್ದು ಬಂದೆ" ಅಂದರೆ ಬೈಗುಳ ಅಂದುಕೊಂಡೆನಲ್ಲ ನಾನು! ಮೊರ ಹಿಡಿದು ನಿಂತಿದ್ದರು, ಸಭಿಕರೇ. ಅಕ್ಕಿ ಕೇರಿಕೊಂಡು, ಅಡುಗೆ ಶುರು ಮಾಡಲು ಬಂದು ನಿಂತಿದ್ದರು.

ಅತ್ತೆಮ್ಮಾ. ಹೌದೇ?

ಸಭಿಕರೇ, ನೀವೆಲ್ಲ ಹಿಂದಕ್ಕೆ ತಿರುಗಿದರೆ ಅವರಿಗೆ ನಾಚಿಕೆಯಾಗುತ್ತದೆ, ದಯವಿಟ್ಟು ಮುಂದೆ ನೋಡಿ. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾರೆ. ನಗುತ್ತಿದ್ದಾರೆ. ಭುಜ ಅಲುಗುತ್ತಿದೆ. ಕೈಯಲ್ಲಿ, ಸಾಕು ಕೂತ್ಕೋ, ಮಗು ಹಸಿದಿದೆ ಅಂತ ಸನ್ನೆ ಮಾಡುತ್ತಿದ್ದಾರೆ. ಇಷ್ಟು ಹೊತ್ತಾಗಿ ಅರ್ಥವಾಯಿತಾ ಅಂತ ತಲೆಯನ್ನೂ ಅಲ್ಲಾಡಿಸುತ್ತಿದ್ದಾರೆ. ಇಲ್ಲ ಅತ್ತೆಮ್ಮ, ಬಿ.ಎಸ್ಸಿ.ಯಲ್ಲಿ ಇದನ್ನು ಹೇಳಿಕೊಡಲಿಲ್ಲ.

ವೆಂಕಟರವಣಪ್ಪನವರೇ, ನಿಮಗೆ ಕೊಡಬೇಕಾದ ಉತ್ತರವನ್ನು ನಾನು ಮನೆಯಿಂದ ಬರುವಾಗಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಕ್ಷಮಿಸಿ, ಆಗುವುದಿಲ್ಲ, ಮನೆಯಲ್ಲಿ ಅನುಕೂಲವಿಲ್ಲ ಅಂತ. ಅದನ್ನು ಮರೆತುಬಿಡುತ್ತೇನೆ. ಸೋಮವಾರ ಬರುತ್ತೇನೆ. ಕೋಲಾರಕ್ಕೆ ಬರೆಯಬೇಡಿ. ಮೊದಲ ಪಾಠ ಯಾವುದು ಅಂತಲೂ ಯೋಚಿಸಿಬಿಟ್ಟೆ. ಒದ್ದೆ ಮಣ್ಣಿನಲ್ಲಿ ಕರೆಂಟ್ ಹೇಗೆ ಹರಿಯುತ್ತದೆ. ಉದಾಹರಣೆ ಮನೆಯಲ್ಲೇ ಇದೆ.

ಇನ್ನು ಚರ್ಚೆಯ ತೀರ್ಮಾನ. ಕರೆಂಟ್ ಒಲೆಯ ಪರವಾಗಿ ನಾನು ಸರಿಯಾಗಿ ವಾದ ಮಾಡಿದೆನೇ? ಮಾಡಲಿಲ್ಲ ಅಂತ ನನಗೂ ಗೊತ್ತು. ಬಹುಮಾನದ ಸ್ಟೀಲ್ ಡಬ್ಬ ಲಕ್ಷ್ಮಿದೇವಮ್ಮನವರಿಗೇ ಹೋಗಲಿ. ಅಳಿಯನಿಗೆ ಅದರಲ್ಲಿ ಏನಾದರೂ ಸಿಹಿ ಹಾಕಿ ಕೊಡಲಿ, ಮುಖ ಬೆಳ್ಳಗಾಗುತ್ತದೆ. ನಮ್ಮ ಮನೆಯಲ್ಲಿ ಎರಡೂ ಒಲೆ ಇರುತ್ತವೆ. ಹೊಸ ಸ್ಪ್ರಿಂಗು ಹಾಕಿಸಿದ್ದಾಗಿದೆ, ಬರ್ನರಿನ ತೂತುಗಳನ್ನೆಲ್ಲ ನಾನೇ ಸೂಜಿಯಲ್ಲಿ ಬಿಡಿಸಿದ್ದೇನೆ. ಗ್ಯಾಸು ಮುಗಿದಾಗ ಕರೆಂಟು, ಪಂಪ್‌ಸೆಟ್ಟು ಶುರುವಾದಾಗ ಗ್ಯಾಸು. ನನ್ನ ಭಯ? ಅದು ಎರಡಕ್ಕೂ ಇರುತ್ತದೆ. ಸಿಲಿಂಡರನ್ನು ಮೂಸುವುದು ನಾನು ಬಿಡುವುದಿಲ್ಲ, ಒಂದು ಸಲ ಮಾತ್ರ ಮೂಸಲು ಪ್ರಯತ್ನಪಡುತ್ತೇನೆ.

ಅತ್ತೆಮ್ಮಾ, ಭಾನುವಾರ ಸಂಜೆ ಕೆಮ್ಮಣ್ಣು ನಾನೇ ಕಲೆಸಿಟ್ಟಿರ್ತೀನಿ. ಒಲೆ ಎರಡನ್ನೂ ಕೆಳಗಿಳಿಸಿ ಪಕ್ಕಕ್ಕಿಡ್ತೀನಿ. ಅವುಗಳಿಗೆ ಮಾತ್ರ ಬೇಡ, ನಿಮ್ಮ ದಮ್ಮಯ್ಯ. ಅವು ನಿಲ್ಲುವ ಕಟ್ಟೆ ಇದೆ, ಆ ಕಡೆಯಿಂದ ಈ ಕಡೆ ತನಕ ಪೂರ್ತಿ ನಿಮ್ಮದು. ಸಾರಿಸಿ, ರಂಗೋಲಿ ಬಿಡಿ. ನಾನು ನೋಡ್ತೀನಿ. ಈ ಸಲ ಸರಿಯಾಗಿ ನೋಡ್ತೀನಿ. ಸೋಮವಾರ ಬೆಳಿಗ್ಗೆ ನಾನು ಬೇಗ ಎದ್ದು ಬರಲ್ಲ.

ಇಷ್ಟು ಹೊತ್ತು ಕೆಮ್ಮದೆ ಕೇಳಿದ ಎಲ್ಲರಿಗೂ, ಗಂಟೆ ಬಾರಿಸುವುದನ್ನೇ ಮರೆತ ಅಧ್ಯಕ್ಷರಿಗೂ, ಎರಡು ಸಲ ನಮ್ಮ ಮನೆಯ ಮೆಟ್ಟಿಲು ಹತ್ತಿದ ಮುಖ್ಯ ಅತಿಥಿಗಳಿಗೂ, ಅಂದು ಬೆಳಗ್ಗೆ ಕತ್ತಲಲ್ಲಿ ಕೂತ ಕೋಟೆ ಬೀದಿಯವರಿಗೂ ನನ್ನ ವಂದನೆ. ಮಗು ಅಳುತ್ತಿದೆ, ಇಳಿದು ಹೋಗುತ್ತೇನೆ. ಎಲ್ಲರಿಗೂ ನಮಸ್ಕಾರ.